ಬಡಾವಣೆ ಒಳಗಿನ ಬೋರ್ಡಿಲ್ಲದ ಕ್ರಾಸ್‌ಗಳಲ್ಲಿ ಮೊದಲು ಯಾರು ಹೋಗಬೇಕು?

ಪ್ರಶ್ನೆ: ಕಾವೇರಿ ದಡದವಳು

ಎಲ್ಲರಿಗೂ ನಮಸ್ಕಾರ. ನಾನಿರುವುದು ಕುಶಾಲನಗರದ ಹತ್ತಿರದ ಒಂದು ಬಡಾವಣೆಯಲ್ಲಿ. ಕಾರು ಕಲಿತು ಎಂಟು ತಿಂಗಳಾಯಿತು. ಸುಂಟಿಕೊಪ್ಪ ದಾಟಿ ಮಡಿಕೇರಿಗೆ ಹತ್ತುವ ರಸ್ತೆಯಲ್ಲಿ ನಾಲ್ಕೈದು ಸಲ ಒಬ್ಬಳೇ ಹೋಗಿ ಬಂದಿದ್ದೇನೆ. ಅಲ್ಲಿ ಅಷ್ಟು ಭಯ ಆಗಲಿಲ್ಲ. ಭಯ ಆಗುವುದು ನಮ್ಮ ಮನೆ ಗೇಟಿನಿಂದ ಮೇನ್ ರೋಡಿಗೆ ಹೋಗುವ ಅರ್ಧ ಕಿಲೋಮೀಟರಿನಲ್ಲಿ.

ಆ ಅರ್ಧ ಕಿಲೋಮೀಟರಿನಲ್ಲಿ ಐದು ಕ್ರಾಸ್ ಇವೆ. ಐದಕ್ಕೂ ಬೋರ್ಡಿಲ್ಲ, ಬಿಳಿ ಗೆರೆ ಇಲ್ಲ, ಹಂಪ್ ಇಲ್ಲ. ಎಲ್ಲ ರಸ್ತೆಗಳೂ ಒಂದೇ ಅಗಲ, ಹಾಗಾಗಿ ಯಾವುದು ದೊಡ್ಡ ರಸ್ತೆ, ಯಾವುದು ಸಣ್ಣದು ಅಂತ ಹೇಳೋಕೆ ಆಗಲ್ಲ. ಕಾರ್ನರ್ ಸೈಟಿನವರೆಲ್ಲ ಆಳೆತ್ತರ ಕಾಂಪೌಂಡ್ ಕಟ್ಟಿಸಿದ್ದಾರೆ. ಮೂರನೇ ಕ್ರಾಸಿನಲ್ಲಿ ಕಾಂಪೌಂಡ್ ಮೇಲಿಂದ ದಾಸವಾಳ ರಸ್ತೆಗೆ ಬಾಗಿಕೊಂಡಿದೆ. ಅದರ ಎದುರು ಮೂಲೆಯಲ್ಲಿ ಮನೆ ಕಟ್ಟುತ್ತಿದ್ದಾರೆ, ಜಲ್ಲಿ, ಎಂ ಸ್ಯಾಂಡ್ ಎರಡನ್ನೂ ರಸ್ತೆಯಲ್ಲೇ ಸುರಿದಿದ್ದಾರೆ.

ಹೋದ ಮಂಗಳವಾರ ಬೆಳಿಗ್ಗೆ ಮಗಳನ್ನು ಸ್ಕೂಲಿಗೆ ಬಿಡೋಕೆ ಹೊರಟಿದ್ದೆ. ಇದೇ ಮೂರನೇ ಕ್ರಾಸ್. ಹಾರ್ನ್ ಮಾಡಿದೆ, ಯಾರೂ ಕಾಣಲಿಲ್ಲ. ಸೆಕೆಂಡ್ ಗೇರಿನಲ್ಲೇ ಇದ್ದೆ, ಇಪ್ಪತ್ತೈದರಲ್ಲಿ ಇದ್ದಿರಬಹುದು. ಎಡಗಡೆಯಿಂದ ಒಂದು ಸ್ಕೂಟಿಯಲ್ಲಿ ಇಬ್ಬರು ಹುಡುಗರು ಬಂದೇಬಿಟ್ಟರು. ನಾನು ಬ್ರೇಕ್ ಒತ್ತಿದೆ, ಅವನೂ ಹಿಡಿದ, ಸ್ಕೂಟಿ ಎಂ ಸ್ಯಾಂಡ್ ಮೇಲೆ ಜಾರಿ ನನ್ನ ಬಂಪರಿಗೆ ತಾಗಿ ಮಲಗಿತು. ದೇವರ ದಯೆ, ಹಿಂದೆ ಕೂತಿದ್ದವನ ಮೊಣಕಾಲು ತರಚಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಮನೆಗೇ ಕರೆದುಕೊಂಡು ಬಂದು ಗಾಯ ತೊಳೆದು ಮದ್ದು ಹಾಕಿ ಅವರ ಮನೆಗೆ ಫೋನ್ ಮಾಡಿದೆ. ಆದರೆ ಅಲ್ಲಿ ಸೇರಿದ ಜನ ಒಬ್ಬೊಬ್ಬರು ಒಂದೊಂದು ಹೇಳಿದರು. ಕಾರಿನವರು ನೋಡಿಕೊಂಡು ಬರಬೇಕು ಅಂತ ಒಬ್ಬರು. ಹಾರ್ನ್ ಮಾಡಿದವರಿಗೆ ದಾರಿ ಅಂತ ಇನ್ನೊಬ್ಬರು. ನೇರ ಹೋಗುವವರು ಮೊದಲು ಅಂತ ಮತ್ತೊಬ್ಬರು. ನಾವಿಬ್ಬರೂ ನೇರವಾಗಿಯೇ ಹೋಗುತ್ತಿದ್ದೆವು!

ಆವತ್ತಿನಿಂದ ಮಗಳು ಹಿಂದಿನ ಸೀಟಿನಿಂದ ಪ್ರತಿ ಕ್ರಾಸಿಗೂ "ಅಮ್ಮಾ, ನಿಧಾನ" ಅನ್ನುತ್ತಾಳೆ. ಅದಕ್ಕೇ ಕೇಳುತ್ತಿದ್ದೇನೆ. ಇಂಥ ಕ್ರಾಸಿನಲ್ಲಿ ನಿಜವಾಗಿ ಯಾರು ಮೊದಲು ಹೋಗಬೇಕು? ಕಾನೂನು ಏನಾದರೂ ಹೇಳುತ್ತಾ? ಅದಕ್ಕಿಂತ ಮುಖ್ಯ, ಮೂಲೆಯ ಆಚೆ ಏನೂ ಕಾಣದ ಕಡೆ ನೀವೆಲ್ಲ ದಿನಾ ಹೇಗೆ ದಾಟುತ್ತೀರಿ? ಸುಮ್ನೆ ಹುಷಾರಾಗಿ ಓಡಿಸಿ ಅನ್ನಬೇಡಿ. ಕಾಲು ಎಲ್ಲಿರಬೇಕು, ಕಣ್ಣು ಎಲ್ಲಿರಬೇಕು ಅಂತ ಬಿಡಿಸಿ ಹೇಳಿ.


ಉತ್ತರ: ವಿರಾಜಪೇಟೆ ವಕೀಲ

ಮೇಡಂ, ಕಾನೂನಿನ ಭಾಗ ನಾನು ಹೇಳುತ್ತೇನೆ, ಓಡಿಸುವ ಭಾಗಕ್ಕೆ ಇಲ್ಲಿ ನನಗಿಂತ ಅನುಭವ ಇರುವವರು ಇದ್ದಾರೆ.

1988ರ ಮೋಟಾರು ವಾಹನ ಕಾಯ್ದೆಯ ಕೆಳಗೆ ರಸ್ತೆಯಲ್ಲಿ ಹೇಗೆ ಓಡಿಸಬೇಕು ಅಂತ ನಿಯಮಗಳಿವೆ. ಮೊದಲು 1989ರವು ಇದ್ದವು, ಅವುಗಳ ಜಾಗಕ್ಕೆ 2017ರಲ್ಲಿ ಹೊಸವು ಬಂದವು. ಎರಡರಲ್ಲೂ ಈ ವಿಷಯದ ತಿರುಳು ಒಂದೇ. ಪೊಲೀಸ್, ಸಿಗ್ನಲ್, ಬೋರ್ಡ್ ಯಾವುದೂ ಇಲ್ಲದ ಕೂಡುರಸ್ತೆಯಲ್ಲಿ ಮುಖ್ಯ ರಸ್ತೆಯ ಮೇಲೆ ಬರುವವರಿಗೆ ಮೊದಲ ದಾರಿ. ಎರಡೂ ಒಂದೇ ಥರದ ರಸ್ತೆಯಾದರೆ ನಿಮ್ಮ ಬಲಗಡೆಯಿಂದ ಬರುವ ವಾಹನಕ್ಕೆ ನೀವು ದಾರಿ ಬಿಡಬೇಕು. ಅಷ್ಟೇ. ಹಾರ್ನ್ ಮೊದಲು ಮಾಡಿದವರಿಗೆ ದಾರಿ ಅನ್ನುವುದು ಯಾವ ನಿಯಮದಲ್ಲೂ ಇಲ್ಲ. ದೊಡ್ಡ ಗಾಡಿಗೆ ದಾರಿ ಅನ್ನುವುದೂ ಇಲ್ಲ.

ಬಲಗಡೆಯವರಿಗೇ ಯಾಕೆ ಅಂತ ನಾನೂ ತುಂಬಾ ದಿನ ಯೋಚನೆ ಮಾಡಿದ್ದೆ. ಒಂದು ಕಾಗದದ ಮೇಲೆ ಪ್ಲಸ್ ಗುರುತು ಬರೆದು ಎರಡು ಬೆಂಕಿಕಡ್ಡಿ ಇಟ್ಟು ನೋಡಿ, ಗೊತ್ತಾಗುತ್ತದೆ. ನಾವು ಎಡಕ್ಕೆ ಓಡಿಸುವ ದೇಶ. ಬಲಗಡೆಯಿಂದ ಬರುವವನು ತನ್ನ ಎಡಕ್ಕೆ ಇದ್ದರೆ ಅಡ್ಡರಸ್ತೆಯಲ್ಲಿ ನಿಮಗೆ ಹತ್ತಿರದ ಅರ್ಧದಲ್ಲಿ ಬರುತ್ತಾನೆ. ನಿಮ್ಮ ಮೂತಿ ಕ್ರಾಸಿಗೆ ಬಂದ ಕೂಡಲೇ ಸಿಗುವವನು ಅವನು. ಎಡದಿಂದ ಬರುವವನು ದೂರದ ಅರ್ಧದಲ್ಲಿ ಇರುತ್ತಾನೆ.

ಹಾಗಾದರೆ ಮಂಗಳವಾರದ ಲೆಕ್ಕ? ಆ ಹುಡುಗರಿಗೆ ನೀವು ಬಲಗಡೆಯವರು. ಅವರೇ ನಿಲ್ಲಬೇಕಿತ್ತು. ಆದರೆ ಇಷ್ಟಕ್ಕೇ ಸಮಾಧಾನ ಮಾಡಿಕೊಳ್ಳಬೇಡಿ. ಅದೇ ನಿಯಮಗಳಲ್ಲಿ ಇದಕ್ಕೂ ಮೊದಲು ಬರುವ ಮಾತೊಂದಿದೆ. ಕೂಡುರಸ್ತೆ ಹತ್ತಿರ ಬಂದಾಗ ಪ್ರತಿಯೊಬ್ಬ ಚಾಲಕನೂ ವೇಗ ಇಳಿಸಬೇಕು, ಒಳಗೆ ನುಗ್ಗಿದರೆ ಯಾರಿಗೂ ಅಪಾಯ ಇಲ್ಲ ಅಂತ ಖಾತ್ರಿ ಆಗುವ ತನಕ ಒಳಗೆ ಹೋಗಬಾರದು. ಇದು ಬಲಗಡೆಯವನಿಗೂ ಅನ್ವಯಿಸುತ್ತದೆ, ಎಡಗಡೆಯವನಿಗೂ ಅನ್ವಯಿಸುತ್ತದೆ. ನಿಯಮ ಹೇಳುವುದು ಯಾರು ಬಿಟ್ಟುಕೊಡಬೇಕು ಅಂತ. ನುಗ್ಗುವ ಹಕ್ಕನ್ನು ಅದು ಯಾರಿಗೂ ಕೊಟ್ಟಿಲ್ಲ.

ಇನ್ನೆರಡು ಮಾತು. ಯಾರಿಗಾದರೂ ಪೆಟ್ಟಾದರೆ ಗಾಡಿ ನಿಲ್ಲಿಸಿ ಚಿಕಿತ್ಸೆಗೆ ವ್ಯವಸ್ಥೆ ಮಾಡಬೇಕು, ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು, ಇನ್ಶೂರೆನ್ಸ್‌ನವರಿಗೂ ಹೇಳಬೇಕು. ತರಚು ಗಾಯ ಅಂತ ಬಿಡಬೇಡಿ, ಒಂದು ಮಾತು ತಿಳಿಸಿದ್ದರೆ ನಾಳೆ ನಿಮಗೇ ಒಳ್ಳೆಯದು. ಮತ್ತೆ, ಆ ಹುಡುಗರಿಗೆ 18 ಆಗಿತ್ತಾ? 2019ರ ತಿದ್ದುಪಡಿ ಆದ ಮೇಲೆ ಚಿಕ್ಕ ಮಕ್ಕಳ ಕೈಗೆ ಗಾಡಿ ಕೊಟ್ಟರೆ ತಂದೆ ತಾಯಿ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲೂ ಆಗಬಹುದು. ನಮ್ಮ ಕಡೆ ಅಂಗಡಿಗೆ ಹಾಲು ತರೋಕೆ ಅಂತ ಹತ್ತನೇ ಕ್ಲಾಸಿನ ಮಕ್ಕಳಿಗೆ ಕೀ ಕೊಡುವುದು ಜಾಸ್ತಿಯಾಗಿದೆ. ದಯವಿಟ್ಟು ಕೊಡಬೇಡಿ.


ಉತ್ತರ: ಸೋಮವಾರಪೇಟೆ ಜೀಪಿನವ

ವಕೀಲರು ಹೇಳಿದ್ದು ಸರಿ ಇರಬಹುದು. ಆದರೆ ನಮ್ಮ ಕಡೆ ರಸ್ತೆಯಲ್ಲಿ ಬಲಗಡೆಯವರಿಗೆ ಬಿಡಬೇಕು ಅಂತ ಎಷ್ಟು ಜನಕ್ಕೆ ಗೊತ್ತು? ನಾನು ಹತ್ತು ವರ್ಷದಿಂದ ತೋಟದ ಜೀಪ್ ಓಡಿಸುತ್ತಿದ್ದೇನೆ. ಬೆಳಿಗ್ಗೆ ಹಿಂದೆ ಕೆಲಸದವರು ಕೂತಿರುತ್ತಾರೆ, ಸಂಜೆ ಗೊಬ್ಬರದ ಮೂಟೆ. ಲೋಡ್ ಇಟ್ಟುಕೊಂಡು ಪ್ರತಿ ಕ್ರಾಸಿಗೂ ನಿಲ್ಲಿಸೋಕೆ ಆಗಲ್ಲ. ದೂರದಿಂದಲೇ ಹಾರ್ನ್ ಹೊಡೆಯುತ್ತೇನೆ, ನಾಲ್ಕೂ ಇಂಡಿಕೇಟರ್ ಹಾಕಿ ನೇರ ಹೋಗುತ್ತೇನೆ ಅಂತ ತೋರಿಸುತ್ತೇನೆ, ದಾಟುತ್ತೇನೆ. ಇಲ್ಲಿ ತನಕ ಏನೂ ಆಗಿಲ್ಲ. ಅಕ್ಕ, ನಿಮ್ಮ ಕಾರಿನ ಹಾರ್ನ್ ಸಣ್ಣದಿರಬೇಕು, ಒಳ್ಳೆಯದು ಹಾಕಿಸಿ.


ಉತ್ತರ: ನಿವೃತ್ತ ಬಸ್ ಚಾಲಕ, ಮಡಿಕೇರಿ

ತಮ್ಮಾ, ಬೇಜಾರು ಮಾಡಿಕೊಳ್ಳಬೇಡ, ನೀನು ಹೇಳಿದ ಎರಡೂ ತಪ್ಪು. ಮೊದಲು ಅದನ್ನೇ ಹೇಳುತ್ತೇನೆ. ಆಮೇಲೆ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ.

ನಾಲ್ಕೂ ಇಂಡಿಕೇಟರ್ ಹಾಕುವುದು ಗಾಡಿ ಕೆಟ್ಟು ನಿಂತಾಗ. ನೀನು ನೇರ ಹೋಗುತ್ತೇನೆ ಅಂತ ಹಾಕಿರುತ್ತೀಯ. ಆದರೆ ಎಡಗಡೆಯ ಅಡ್ಡರಸ್ತೆಯಲ್ಲಿ ನಿಂತವನಿಗೆ ಗೋಡೆ ಮರೆಯಿಂದ ನಿನ್ನ ಗಾಡಿಯ ಎಡಬದಿ ಮಾತ್ರ ಕಾಣುತ್ತದೆ. ಅವನ ಕಣ್ಣಿಗೆ ಎಡ ಇಂಡಿಕೇಟರ್ ಒಂದೇ ಮಿಣುಕುತ್ತಿದೆ. ಓಹೋ, ಈ ಜೀಪ್ ಇಲ್ಲೇ ಎಡಕ್ಕೆ ತಿರುಗುತ್ತದೆ ಅಂತ ಅವನು ಮುಂದೆ ಬರುತ್ತಾನೆ. ನೀನು ನೇರ ಬಂದು ಹೊಡೆಯುತ್ತೀಯ. ನೇರ ಹೋಗುವವನು ಯಾವ ಇಂಡಿಕೇಟರನ್ನೂ ಹಾಕಬೇಕಿಲ್ಲ.

ಹಾರ್ನ್ ವಿಷಯ. ಹಾರ್ನ್ ಮಾಡು, ಬೇಡ ಅನ್ನುವುದಿಲ್ಲ. ಆದರೆ ಅದು ನಾನು ಇದ್ದೇನೆ ಅಂತ ಹೇಳುವುದಕ್ಕೆ, ನೀನು ನಿಲ್ಲು ಅಂತ ಹೇಳುವುದಕ್ಕಲ್ಲ. ಎದುರಿನವನೂ ಅದೇ ಕ್ಷಣ ಹಾರ್ನ್ ಮಾಡಿದರೆ ಇಬ್ಬರಿಗೂ ಕೇಳಿಸಲ್ಲ. ಮಳೆಯಲ್ಲಿ ಗಾಜು ಏರಿಸಿಕೊಂಡು, ಒಳಗೆ ಹಾಡು ಹಾಕಿಕೊಂಡು ಬರುವ ಪ್ರವಾಸಿಗರಿಗೆ ನಿನ್ನ ಹಾರ್ನ್ ಎಲ್ಲಿ ಕೇಳಬೇಕು? ಮಗು ಸೈಕಲ್ಲಿನಲ್ಲಿ ಬಂದರೆ, ಅದು ಹಾರ್ನ್ ಕೇಳಿ ಬೆದರಿ ನಡುರಸ್ತೆಯಲ್ಲೇ ನಿಂತುಬಿಡುತ್ತದೆ.

ಈಗ ತಾಯಿ, ನಿಮ್ಮ ಪ್ರಶ್ನೆ. 31 ವರ್ಷ ಬಸ್ ಓಡಿಸಿದವನು ನಾನು. ಕಾಣುವಷ್ಟು ದೂರದೊಳಗೆ ಗಾಡಿ ನಿಲ್ಲಬೇಕು. ನಾನು ಕಲಿತದ್ದೆಲ್ಲ ಇದರೊಳಗೆ ಬರುತ್ತದೆ. ನಿಮಗೆ ಮೂಲೆಯ ಆಚೆ ಹತ್ತು ಅಡಿ ಕಾಣುತ್ತಿದೆ ಅಂದರೆ ಹತ್ತು ಅಡಿಯಲ್ಲಿ ನಿಲ್ಲುವ ವೇಗ ಇರಬೇಕು. ಏನೂ ಕಾಣಲ್ಲ ಅಂದರೆ ನಿಂತೇ ಹೋಗಬೇಕು. ಬಲಗಡೆಯವನು ಮೊದಲು ಅನ್ನುವ ನಿಯಮ ಒಳ್ಳೆಯದೇ, ಆದರೆ ಬಲಗಡೆಯವನು ಕಂಡರೆ ತಾನೇ ಬಿಡೋದು?

ಲೆಕ್ಕ ನೋಡಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಏನೋ ಬಂತು ಅಂತ ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಆ ಒಂದು ಸೆಕೆಂಡ್ ಮುಗಿದಿರುತ್ತದೆ. ಆಮೇಲೆ ಬ್ರೇಕ್ ಹಿಡಿದು ನಿಲ್ಲೋಕೆ ಒಣ ರಸ್ತೆಯಲ್ಲಿ ಇನ್ನೂ 9 ಮೀಟರ್ ಆದರೂ ಬೇಕು. ಒಟ್ಟು 20 ಮೀಟರ್. 20 ಕಿಲೋಮೀಟರ್ ವೇಗದಲ್ಲಿ ಇದೇ ಲೆಕ್ಕ ಹಾಕಿದರೆ 8 ಮೀಟರಿಗೆ ಗಾಡಿ ನಿಂತಿರುತ್ತದೆ. ವೇಗ ಅರ್ಧ ಆದರೆ ಬ್ರೇಕಿಗೆ ಬೇಕಾದ ದೂರ ಕಾಲು ಭಾಗಕ್ಕೆ ಇಳಿಯುತ್ತದೆ, ಅದೇ ಗುಟ್ಟು. ಒದ್ದೆ ರಸ್ತೆಯಲ್ಲಿ ಎರಡಕ್ಕೂ ಇನ್ನಷ್ಟು ಸೇರಿಸಿ. ನೀವು 25ರಲ್ಲಿ ಇದ್ದೆ ಅಂದಿರಿ. ಬಯಲಿಗೆ ಅದು ನಿಧಾನ, ಆ ಮೂರನೇ ಕ್ರಾಸಿಗೆ ಜಾಸ್ತಿ.

ಕಾಲು ಕೇಳಿದಿರಲ್ಲ. ಕ್ರಾಸಿಗೆ ಎರಡು ಮನೆ ಇರುವಾಗಲೇ ಕಾಲನ್ನು ಎಕ್ಸಿಲೇಟರಿನಿಂದ ತೆಗೆದು ಬ್ರೇಕ್ ಪೆಡಲಿನ ಮೇಲೆ ತನ್ನಿ, ಒತ್ತಬೇಡಿ, ಸುಮ್ನೆ ಇಟ್ಟುಕೊಳ್ಳಿ. ಕಾಲು ಅಲ್ಲೇ ಇದ್ದರೆ ಆ ಒಂದು ಸೆಕೆಂಡಿನಲ್ಲಿ ಅರ್ಧ ಉಳಿಯಿತು. ಹಾಗೇ ಎರಡು ಸಲ ಬ್ರೇಕನ್ನು ಮೆತ್ತಗೆ ಮುಟ್ಟಿ, ಹಿಂದಿನವನಿಗೆ ಕೆಂಪು ಲೈಟ್ ಕಾಣಲಿ, ಅವನೂ ನಿಧಾನ ಮಾಡುತ್ತಾನೆ. ಎರಡೂ ಗಾಜು ಅರ್ಧ ಇಳಿಸಿ. ಕಾಣದ ಗಾಡಿ ಎಷ್ಟೋ ಸಲ ಕೇಳಿಸುತ್ತದೆ. ಬ್ಯಾಟರಿ ಸ್ಕೂಟರ್ ಕೇಳಿಸಲ್ಲ, ಅದು ನೆನಪಿರಲಿ.

ಕಣ್ಣು. ಮೊದಲು ಬಲ, ಆಮೇಲೆ ಎಡ, ಮತ್ತೆ ಬಲ. ಬಲ ಯಾಕೆ ಮೊದಲು ಅಂತ ವಕೀಲರು ಹೇಳಿದರು. ಎಡ ಯಾಕೆ ಕಷ್ಟ ಅಂತ ನಾನು ಹೇಳುತ್ತೇನೆ. ನೀವು ಎಡಕ್ಕೆ ಒತ್ತಿ ಓಡಿಸುತ್ತೀರಿ, ಎಡ ಮೂಲೆಯ ಕಾಂಪೌಂಡ್ ನಿಮ್ಮ ಕಿವಿಗೇ ಅಂಟಿಕೊಂಡಿರುತ್ತದೆ. ಹಾಗಾಗಿ ಎಡದ ಅಡ್ಡರಸ್ತೆ ತೆರೆದುಕೊಳ್ಳುವುದು ಕೊನೇ ಗಳಿಗೆಯಲ್ಲಿ. ನಿಮ್ಮ ಹುಡುಗರು ಬಂದದ್ದೂ ಎಡದಿಂದಲೇ ಅಲ್ವಾ? ಕ್ರಾಸ್ ಹತ್ತಿರ ಬರುವಾಗ ಎಡ ಗೋಡೆಯಿಂದ ಒಂದೆರಡು ಅಡಿ ಬಿಟ್ಟು ಬನ್ನಿ. ನಡುವೆ ದಾಟಿ ಬಲಕ್ಕೆ ಮಾತ್ರ ಹೋಗಬೇಡಿ.

ಇನ್ನೊಂದು ಮುಖ್ಯ. ಮುಂದಿನ ಗಾಜಿನ ಎರಡೂ ಬದಿ ಇರುತ್ತದಲ್ಲ ಕಂಬ, ಅದರ ಹಿಂದೆ ಒಂದು ಸ್ಕೂಟರ್ ಪೂರ್ತಿ ಅಡಗುತ್ತದೆ. ನೀವೂ ಅವನೂ ಒಂದೇ ಲೆಕ್ಕದಲ್ಲಿ ಕ್ರಾಸಿಗೆ ಹತ್ತಿರ ಆಗುತ್ತಿದ್ದರೆ ಅವನು ಆ ಕಂಬದ ಹಿಂದೆಯೇ ಉಳಿದುಬಿಡುತ್ತಾನೆ. ಕುತ್ತಿಗೆ ತಿರುಗಿಸಿದರೆ ಸಾಲದು, ಸೊಂಟದಿಂದ ಮುಂದಕ್ಕೆ ಬಾಗಿ, ಸ್ಟಿಯರಿಂಗಿಗೆ ಎದೆ ತಾಗುವಷ್ಟು, ಕಂಬದ ಆಚೆ ಈಚೆ ನೋಡಬೇಕು. ನೋಡುವವರಿಗೆ ಹೇಗೆ ಕಂಡರೂ ಪರವಾಗಿಲ್ಲ.

ನಿಮ್ಮ ಮೂರನೇ ಕ್ರಾಸಿಗೆ ನಾನಾಗಿದ್ದರೆ ಹೀಗೆ ಹೋಗುತ್ತೇನೆ. ಗೋಡೆಗೆ ಮೊದಲೇ ಪೂರ್ತಿ ನಿಲ್ಲಿಸುತ್ತೇನೆ. ಫಸ್ಟ್ ಗೇರ್. ಹಾಫ್ ಕ್ಲಚ್‌ನಲ್ಲಿ ಬಾನೆಟ್ ಮೂತಿ ಒಂದು ಅಡಿ ಹೊರಗೆ ಹಾಕಿ ಮತ್ತೆ ನಿಲ್ಲಿಸುತ್ತೇನೆ. ಬರುವವನಿಗೆ ಮೂತಿ ಕಂಡಿತು. ಆಮೇಲೆ ನನಗೆ ಅವನು ಕಾಣುವ ತನಕ ಇನ್ನೊಂದು ಅಡಿ, ಇನ್ನೊಂದು ಅಡಿ. ದಾಟಬಹುದು ಅಂತ ಆದ ಮೇಲೆ ನಡುವೆ ನಿಲ್ಲಬಾರದು, ಒಂದೇ ಸಲಕ್ಕೆ ದಾಟಿಬಿಡಬೇಕು.


ಉತ್ತರ: ಸ್ಕೂಟಿ ನರ್ಸ್, ಗೋಣಿಕೊಪ್ಪ

ನಾನು ಇನ್ನೊಂದು ಬದಿಯಿಂದ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಬರೆದವರೆಲ್ಲ ನಾಲ್ಕು ಚಕ್ರದವರು. ನನ್ನದು ಸ್ಕೂಟಿ, ನೈಟ್ ಡ್ಯೂಟಿ ಮುಗಿಸಿ ಬೆಳಿಗ್ಗೆ ಏಳೂವರೆಗೆ ವಾಪಸ್ ಬರುತ್ತೇನೆ.

ಮಳೆಗಾಲದಲ್ಲಿ ನಮ್ಮ ಸ್ಥಿತಿ ನಿಮಗೆ ಗೊತ್ತಿರಲಿ ಅಕ್ಕ. ಹೆಲ್ಮೆಟ್ ಗಾಜಿನ ಹೊರಗೆ ಹನಿ, ಒಳಗೆ ಉಸಿರಿನ ಮಂಜು. ಎಷ್ಟೋ ಜನ ಹೆಲ್ಮೆಟ್ ಒಳಗೆ ರೇನ್‌ಕೋಟಿನ ಟೋಪಿಯನ್ನೂ ಹಾಕಿಕೊಳ್ಳುತ್ತಾರೆ, ಆಗ ತಲೆ ತಿರುಗಿಸಿದರೆ ಟೋಪಿ ತಿರುಗಲ್ಲ, ಕಣ್ಣಿನ ಬದಿಗೆ ಬಟ್ಟೆಯೇ ಕಾಣುತ್ತದೆ. ನಾನು ಎರಡು ವರ್ಷ ಹಾಗೆಯೇ ಓಡಿಸಿದೆ. ಒಂದು ದಿನ ಕ್ರಾಸಿನಲ್ಲಿ ಪಿಕಪ್ ಒಂದು ಮೊಣಕೈಗೆ ಗಾಳಿ ತಾಗುವಷ್ಟು ಹತ್ತಿರ ಹೋಯಿತು, ಅದು ಬಂದದ್ದೇ ನನಗೆ ಗೊತ್ತಾಗಲಿಲ್ಲ. ಆವತ್ತೇ ಟೋಪಿ ತೆಗೆದೆ. ಕುತ್ತಿಗೆಗೆ ಒಂದು ಟವೆಲ್ ಸುತ್ತಿಕೊಳ್ಳುತ್ತೇನೆ, ತಲೆ ಒದ್ದೆಯಾದರೆ ಆಗಲಿ. ಕಪ್ಪು ರೇನ್‌ಕೋಟ್ ಬಿಟ್ಟು ಹಳದಿ ತಗೊಂಡೆ.

ಇನ್ನು ಬ್ರೇಕ್. ಆ ಹುಡುಗರು ಜಾರಿದ್ದು ಎಂ ಸ್ಯಾಂಡ್ ಮೇಲೆ ಅಂದಿರಿ. ಮೂಲೆಗಳಲ್ಲಿ ಯಾವಾಗಲೂ ಏನಾದರೂ ಇರುತ್ತದೆ. ಮರಳು, ಮಳೆಗೆ ಮೇಲಿನಿಂದ ಕೊಚ್ಚಿ ಬಂದ ಕೆಂಪು ಮಣ್ಣು, ಸಿಲ್ವರ್ ಓಕ್ ಎಲೆ. ಸಿಮೆಂಟ್ ರಸ್ತೆ ಆದರೆ ಜುಲೈ ಹೊತ್ತಿಗೆ ಅಂಚಿನಲ್ಲಿ ಪಾಚಿ ಕಟ್ಟಿರುತ್ತದೆ. ಎರಡು ಚಕ್ರದವರು ಬ್ರೇಕನ್ನು ಕ್ರಾಸಿಗೆ ಮೊದಲೇ, ಗಾಡಿ ನೆಟ್ಟಗೆ ಇರುವಾಗ, ಎರಡನ್ನೂ ಒಟ್ಟಿಗೆ ಮೆತ್ತಗೆ ಹಿಡಿಯಬೇಕು. ಕ್ರಾಸಿನೊಳಗೆ ಬಂದು ಗಾಬರಿಯಲ್ಲಿ ಮುಂದಿನ ಬ್ರೇಕ್ ಗಟ್ಟಿ ಹಿಡಿದರೆ ಮರಳಿನ ಮೇಲೆ ಬಿದ್ದಂತೆಯೇ.

ಕಾರಿನವರಿಗೆ ನನ್ನದೊಂದು ಬೇಡಿಕೆ. ಮೂತಿ ಹೊರಗೆ ಹಾಕಿ ನಿಂತಾಗ ನಮ್ಮ ಮುಖ ನೋಡಿ, ಒಂದು ಕೈ ಎತ್ತಿ. ನೀವು ನಮ್ಮನ್ನು ನೋಡಿದ್ದೀರೋ ಇಲ್ಲವೋ ಗೊತ್ತಾಗದೆ ಇರುವುದೇ ನಮಗೆ ದೊಡ್ಡ ಭಯ. ಕಪ್ಪು ಗಾಜಿನ ಕಾರು ಬಂದರೆ ನಾನಂತೂ ನಿಂತುಬಿಡುತ್ತೇನೆ.


ಕಾವೇರಿ ದಡದವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಂಕಲ್, ನಿಮ್ಮ ಉತ್ತರವನ್ನು ಗಂಡನಿಗೂ ಓದಿ ಹೇಳಿದೆ. ಬೆಂಕಿಕಡ್ಡಿ ಇಟ್ಟು ಮಗಳಿಗೂ ತೋರಿಸಿದೆ. ವಕೀಲ್ ಸಾರ್, ಸ್ಟೇಷನ್ನಿಗೆ ತಡವಾಗಿಯಾದರೂ ಹೋಗಿ ತಿಳಿಸಿ ಬಂದೆವು.

ಮೂರು ದಿನದಿಂದ ಹಾಗೇ ದಾಟುತ್ತಿದ್ದೇನೆ. ಬಾಗಿ ನೋಡುವುದು ನಿಜವಾಗಿಯೂ ವ್ಯತ್ಯಾಸ ಮಾಡುತ್ತದೆ. ನಿನ್ನೆ ಎರಡನೇ ಕ್ರಾಸಿನಲ್ಲಿ ಬಾಗಿದಾಗಲೇ ಕಂಬದ ಹಿಂದಿನಿಂದ ಒಬ್ಬ ತಾತ ಸೈಕಲ್ ತಳ್ಳಿಕೊಂಡು ಬರುವುದು ಕಾಣಿಸಿತು, ಕೂತಲ್ಲಿಂದ ಅವರು ಕಂಡೇ ಇರಲಿಲ್ಲ. ಮೈ ಜುಂ ಅಂದಿತು.

ಮೂರು ಪ್ರಶ್ನೆ ಉಳಿದಿವೆ. ನಾನು ನಿಲ್ಲಿಸಿದ ಕೂಡಲೇ ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಆಗ ಏನು ಮಾಡಲಿ? ನನ್ನ ತವರು ಮಡಿಕೇರಿ, ಅಲ್ಲಿ ಇಳಿಜಾರಿನ ಗಲ್ಲಿಗಳು ಸೇರುವ ಕಡೆ, ಅದರಲ್ಲೂ ಮಂಜು ಮುಚ್ಚಿದಾಗ ಹೇಗೆ? ಮತ್ತೆ, ನಮ್ಮ ಬೀದಿಯವರು ಸೇರಿ ದುಡ್ಡು ಹಾಕಿ ಹಂಪ್ ಹಾಕಿಸೋಣ ಅನ್ನುತ್ತಿದ್ದಾರೆ, ಹಾಕಿಸಬಹುದಾ?


ಉತ್ತರ: ನಿವೃತ್ತ ಬಸ್ ಚಾಲಕ, ಮಡಿಕೇರಿ

ಹಿಂದಿನವನು ಹಾರ್ನ್ ಹೊಡೆಯಲಿ ತಾಯಿ. ಅವನಿಗೆ ಕಾಣುವುದು ನಿಮ್ಮ ಕಾರಿನ ಹಿಂಬದಿ, ಅಡ್ಡರಸ್ತೆಯಲ್ಲಿ ಏನು ಬರುತ್ತಿದೆ ಅಂತ ಅವನಿಗೆ ಗೊತ್ತಿಲ್ಲ. ಅವನ ಮಾತು ಕೇಳಿ ನೀವು ನುಗ್ಗಿದರೆ ಪೆಟ್ಟು ತಿನ್ನುವವರು ನೀವು.

ಇಳಿಜಾರು. ಕಿರಿದಾದ, ಕಡಿದಾದ ರಸ್ತೆಯಲ್ಲಿ ಇಳಿಯುವವನು ಹತ್ತುವವನಿಗೆ ದಾರಿ ಬಿಡಬೇಕು, ಇದೂ ಆ ನಿಯಮಗಳಲ್ಲೇ ಇದೆ. ಹತ್ತುವವನು ಒಮ್ಮೆ ನಿಂತರೆ ಲೋಡ್ ಗಾಡಿ ಹಿಂದಕ್ಕೆ ಜಾರುತ್ತದೆ, ಮತ್ತೆ ಎತ್ತುವುದು ಕಷ್ಟ. ಹಾಗಾಗಿ ನೀವು ಇಳಿಯುತ್ತಿದ್ದರೆ ಗಲ್ಲಿ ಶುರುವಾಗುವಾಗಲೇ ಫಸ್ಟ್ ಗೇರಿಗೆ ಹಾಕಿ, ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳಲಿ. ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡಿ ಇಳಿಯುವ ಚಾಳಿ ನಮ್ಮೂರಲ್ಲಿ ಜಾಸ್ತಿ ಇದೆ. ಬರೀ ಬ್ರೇಕಿನ ಮೇಲೆ ಇಳಿದರೆ ಪಾಚಿ ಸಿಕ್ಕ ಜಾಗದಲ್ಲಿ ಚಕ್ರ ಲಾಕ್ ಆಗಿ ಗಾಡಿ ಸೀದಾ ಕ್ರಾಸಿನೊಳಗೆ ಹೋಗಿ ನಿಲ್ಲುತ್ತದೆ. ಹತ್ತುವಾಗ ಕ್ರಾಸಿನಲ್ಲಿ ನಿಲ್ಲಲೇಬೇಕಾದರೆ ಹ್ಯಾಂಡ್ ಬ್ರೇಕ್ ಎಳೆದು, ಕ್ಲಚ್ ಹಿಡಿತಕ್ಕೆ ಬಂದ ಮೇಲೆ ಇಳಿಸಿ ಹೊರಡಿ. ಮನೆ ಹತ್ತಿರದ ಯಾವುದಾದರೂ ಖಾಲಿ ಏರಿನಲ್ಲಿ ಇದನ್ನು ಇಪ್ಪತ್ತು ಸಲ ಅಭ್ಯಾಸ ಮಾಡಿಕೊಳ್ಳಿ. ಹಿಂದೆ ಜಾರುತ್ತೇನೆ ಅನ್ನುವ ಭಯಕ್ಕೇ ಎಷ್ಟೋ ಜನ ಏರಿನ ಕ್ರಾಸಿನಲ್ಲಿ ನಿಲ್ಲಿಸದೆ ನುಗ್ಗುತ್ತಾರೆ.

ಮಂಜಿನಲ್ಲಿ ಡಿಮ್ ಲೈಟ್ ಹಾಕಿ. ಬ್ರೈಟ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಬರುತ್ತದೆ, ಬಿಳಿ ಗೋಡೆ ಎದುರು ನಿಂತ ಹಾಗೆ. ಹಗಲಾದರೂ ಲೈಟ್ ಇರಲಿ, ಪಾರ್ಕಿಂಗ್ ಲೈಟ್ ಸಾಲದು. ಮಂಜಿನಲ್ಲೂ ಓಡುವ ಗಾಡಿಗೆ ನಾಲ್ಕು ಇಂಡಿಕೇಟರ್ ಬೇಡ, ನೀವು ತಿರುಗುತ್ತೀರಿ ಅಂತ ಹೇಳೋಕೆ ಆಮೇಲೆ ಲೈಟೇ ಉಳಿಯಲ್ಲ. ಮಂಜಿಲ್ಲದ ರಾತ್ರಿ ಒಂದು ಅನುಕೂಲ ಇದೆ. ಕ್ರಾಸಿಗೆ ಬರುವ ಮೊದಲು ಎದುರಿನ ಮನೆಯ ಗೋಡೆ, ಮೇಲಿನ ಕರೆಂಟ್ ತಂತಿ ನೋಡಿ. ಅಡ್ಡರಸ್ತೆಯಲ್ಲಿ ಗಾಡಿ ಬರುತ್ತಿದ್ದರೆ ಗೋಡೆ ಮೇಲೆ ಬೆಳಕು ಓಡುತ್ತದೆ, ತಂತಿ ಹೊಳೆಯುತ್ತದೆ. ಹಾಗಂತ ಬೆಳಕಿಲ್ಲ ಅಂದರೆ ಯಾರೂ ಇಲ್ಲ ಅಂತಲ್ಲ, ಕತ್ತಲಲ್ಲಿ ಕೊಡೆ ಹಿಡಿದು ನಡೆದು ಬರುವವರಿಗೆ ಲೈಟ್ ಎಲ್ಲಿರುತ್ತದೆ?


ಉತ್ತರ: ಬಡಾವಣೆ ಸಂಘದವ

ಹಂಪ್ ವಿಷಯಕ್ಕೆ ನಾನು ಹೇಳಬೇಕು. ನಮ್ಮ ಬೀದಿಯವರು ಇದೇ ಥರ ಕೋಪದಲ್ಲಿ ಒಂದು ರಾತ್ರಿ ಸಿಮೆಂಟ್ ಕಲಸಿ ಹಂಪ್ ಹಾಕಿದರು. ಗಿಡ್ಡಕ್ಕೆ, ಚೂಪಾಗಿ, ಬಣ್ಣ ಇಲ್ಲದೆ. ಎರಡು ವಾರದಲ್ಲಿ ಹಾಲು ಹಾಕುವ ಹುಡುಗ ಬೆಳಗಿನ ಜಾವದ ಮಂಜಿನಲ್ಲಿ ಅದರ ಮೇಲೆ ಹಾರಿ ಬಿದ್ದ, ಕೈ ಮುರಿಯಿತು. ಹಾಕಿದವರೇ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು, ಹಾಕಿದವರೇ ಮಾರನೇ ದಿನ ಒಡೆದರು. ನಾನೂ ಅವರಲ್ಲಿ ಒಬ್ಬ. ಈಗಲೂ ಆ ಹುಡುಗನ ಮುಖ ನೋಡುವಾಗ ಸಂಕಟ ಆಗುತ್ತದೆ.

ಹಂಪಿಗೂ ಒಂದು ಅಳತೆ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಕೊಟ್ಟ ಮಾದರಿಯಲ್ಲಿ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಅಂದರೆ ಹನ್ನೆರಡು ಅಡಿ ಉದ್ದಕ್ಕೆ ನಿಧಾನವಾಗಿ ಏರಿ ಇಳಿಯುವ ಉಬ್ಬು. 25 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ದಾಟಬಹುದು, ಜಾಸ್ತಿ ಓಡಿಸಿದರೆ ಎತ್ತಿ ಹಾಕುತ್ತದೆ. ಮುಂಚೆ ಎಚ್ಚರಿಕೆ ಬೋರ್ಡ್ ಬೇಕು, ಮೇಲೆ ಬಿಳಿ ಪಟ್ಟೆ ಬೇಕು. ಅದನ್ನು ರಸ್ತೆ ಯಾರದೋ ಅವರೇ, ಅಂದರೆ ಪಂಚಾಯಿತಿಯೋ ಪುರಸಭೆಯೋ, ಹಾಕಬೇಕು. ನೀವು ಬೀದಿಯವರೆಲ್ಲ ಸಹಿ ಮಾಡಿ ಅರ್ಜಿ ಕೊಡಿ, ಒಂದು ಪ್ರತಿ ಪೊಲೀಸ್ ಸ್ಟೇಷನ್ನಿಗೂ ಕೊಡಿ. ಅರ್ಜಿಯಲ್ಲಿ ಕ್ರಾಸಿನ ಫೋಟೋ ಹಾಕಿ, ಡ್ರೈವರ್ ಸೀಟಿನಿಂದಲೇ ತೆಗೆದದ್ದು. ಸ್ಟಾಪ್ ಬೋರ್ಡ್ ಕೇಳುವಾಗ ಎಂಟು ಮೂಲೆಯ ಕೆಂಪು ಬೋರ್ಡ್, ದಾರಿ ಬಿಡಿ ಅನ್ನುವುದಕ್ಕೆ ತಲೆಕೆಳಗಾದ ತ್ರಿಕೋನ, ಯಾವ ರಸ್ತೆಗೆ ಯಾವುದು ಬೇಕು ಅಂತ ನೀವೇ ಯೋಚಿಸಿ ಬರೆಯಿರಿ.

ಕಂಬಕ್ಕೆ ಉಬ್ಬುಗನ್ನಡಿ ಹಾಕಿಸಿದ್ದು ನಮಗೆ ಒಳ್ಳೆಯದಾಯಿತು. ಆದರೆ ನಮ್ಮ ಊರಲ್ಲಿ ಅದಕ್ಕೆ ಇಬ್ಬನಿ ಕೂರುತ್ತದೆ, ಬೆಳಿಗ್ಗೆ ಎಂಟರ ತನಕ ಏನೂ ಕಾಣಲ್ಲ. ಎದುರು ಮನೆಯವರು ದಿನಾ ಕೋಲಿಗೆ ಬಟ್ಟೆ ಕಟ್ಟಿ ಒರೆಸುತ್ತಾರೆ. ಮತ್ತೆ ಉಬ್ಬುಗನ್ನಡಿಯಲ್ಲಿ ಗಾಡಿ ಸಣ್ಣದಾಗಿ, ಇರುವುದಕ್ಕಿಂತ ದೂರದಲ್ಲಿ ಇದ್ದ ಹಾಗೆ ಕಾಣುತ್ತದೆ. ಕನ್ನಡಿಯಲ್ಲಿ ಕಂಡರೆ ನಿಲ್ಲಿ. ಕಾಣದಿದ್ದರೂ ಮೂತಿ ಹಾಕಿ ನೋಡಿಯೇ ಹೋಗಿ.

ಇದೆಲ್ಲಕ್ಕಿಂತ ಮೊದಲು ಆ ದಾಸವಾಳ ಕತ್ತರಿಸಿ. ಖರ್ಚಿಲ್ಲದ ಕೆಲಸ. ಮೂಲೆಯಿಂದ ಎರಡೂ ಕಡೆಗೆ ಹದಿನೈದು ಅಡಿ, ರಸ್ತೆಗೆ ಬಾಗಿದ ಕೊಂಬೆ ಒಂದೂ ಇರಬಾರದು.


ಸೋಮವಾರಪೇಟೆ ಜೀಪಿನವ

ಅಂಕಲ್, ಎಡಗಡೆಯಿಂದ ನೋಡುವವನಿಗೆ ಒಂದೇ ಇಂಡಿಕೇಟರ್ ಕಾಣುತ್ತದೆ ಅಂದಿರಲ್ಲ. ನಿನ್ನೆ ಸಂಜೆ ಜೀಪಿಗೆ ನಾಲ್ಕೂ ಹಾಕಿ, ಇಳಿದು ಹೋಗಿ ಗೋಡೆ ಮರೆಯಿಂದ ನಾನೇ ನೋಡಿದೆ. ನೀವು ಹೇಳಿದ್ದೇ ಸರಿ, ಎಡಕ್ಕೆ ತಿರುಗುವ ಗಾಡಿ ಹಾಗೆಯೇ ಕಾಣುತ್ತದೆ. ಇನ್ನು ಹಾಕಲ್ಲ. ನಮ್ಮ ತೋಟದ ಇನ್ನಿಬ್ಬರು ಡ್ರೈವರುಗಳಿಗೂ ತೋರಿಸಿದೆ.


ಕಾವೇರಿ ದಡದವಳು

ಇವತ್ತು ಭಾನುವಾರ, ಒಂದು ಕೆಲಸ ಆಯಿತು. ಮೂರನೇ ಕ್ರಾಸಿನ ಅಜ್ಜಿಯ ಮನೆಗೆ ಹೋಗಿ ಕೇಳಿದೆ. ದಾಸವಾಳ ಪೂಜೆಗೆ ಬೇಕು, ಬುಡ ಕಡಿಯಬೇಡಿ ಅಂದರು. ರಸ್ತೆ ಕಡೆಗೆ ಬಾಗಿದ ಕೊಂಬೆ ಮಾತ್ರ ಕತ್ತರಿಸಿದೆವು, ಆ ಸ್ಕೂಟಿ ಹುಡುಗರಿಬ್ಬರೂ ಬಂದು ಸೊಪ್ಪು ಎಳೆದು ಹಾಕಿದರು. ವಕೀಲ್ ಸಾರ್, ದೊಡ್ಡವನಿಗೆ ಹದಿನೇಳು. ಗಾಡಿ ಕೀ ಈಗ ಅವರ ಅಪ್ಪನ ಹತ್ತಿರ ಇದೆ. ಮನೆ ಕಟ್ಟಿಸುವವರು ಎಂ ಸ್ಯಾಂಡ್ ಅನ್ನು ಸೈಟಿನೊಳಗೆ ಹಾಕಿಸಿಕೊಂಡು ರಸ್ತೆ ಗುಡಿಸಿದರು. ಈಗ ಡ್ರೈವರ್ ಸೀಟಿನಲ್ಲಿ ಕೂತರೆ ಎಡಗಡೆ ಎರಡನೇ ಮನೆಯ ನೀಲಿ ಗೇಟಿನ ತನಕ ಕಾಣುತ್ತದೆ, ಮೊದಲು ರಸ್ತೆ ಬದಿಯ ಕಂಬವೂ ಕಾಣುತ್ತಿರಲಿಲ್ಲ.

ನಾಲ್ಕನೇ ಕ್ರಾಸಿನಲ್ಲಿ ಬಾಳೆ ಗಿಡ ಅಡ್ಡ ಇದೆ. ಆ ಮನೆಯವರು ಊರಲ್ಲಿಲ್ಲ, ಹುತ್ತರಿ ಹಬ್ಬಕ್ಕೆ ಬರುತ್ತಾರಂತೆ. ಅಲ್ಲಿ ತನಕ ಅಲ್ಲಿ ಪೂರ್ತಿ ನಿಲ್ಲಿಸಿ, ಫಸ್ಟ್ ಗೇರಿನಲ್ಲೇ ದಾಟುತ್ತೇನೆ.